ಪ್ಲೇಟಕ್ಕ ತಡೆದ ರಿಪೋರ್ಟು

ಬೆಳಗಿನ ಆರು ಗಂಟೆಗೆ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಎಚ್ಚರವಿರುವವರು ಇಬ್ಬರೇ. ಬಾಗಿಲಿನ ಕಾವಲುಗಾರ ಒಬ್ಬ, ಲ್ಯಾಬಿಗೆ ಪ್ಲೇಟು ಹೊಯ್ಯುವುದರಿಂದ ಎಲ್ಲರೂ ಪ್ಲೇಟಕ್ಕ ಎಂದೇ ಕರೆಯುವ ಹೆಂಗಸು ಇನ್ನೊಬ್ಬರು. ಕಾವಲುಗಾರನ ಎಚ್ಚರವನ್ನು ಅಷ್ಟೇನೂ ನಂಬುವ ಹಾಗಿಲ್ಲ. ಪ್ಲೇಟಕ್ಕ ಮಾತ್ರ ಕೈಗೆ ದಪ್ಪ ಬಟ್ಟೆ ಸುತ್ತಿಕೊಂಡು, ಕುಕ್ಕರಿನ ದೊಡ್ಡಪ್ಪನಂತಿರುವ ಉಕ್ಕಿನ ಪಾತ್ರೆಯಿಂದ ಗಾಜಿನ ಶೀಷೆಗಳನ್ನು ಒಂದೊಂದಾಗಿ ಎತ್ತಿಡುತ್ತಿದ್ದಾರೆ. ಒಳಗೆ ತಿಳಿ ಹಳದಿ ದ್ರವ. ಕೂಸಿನ ಹಾಲಿನ ಬಿಸಿ ನೋಡುವ ಹಾಗೆ ಶೀಷೆಯನ್ನು ಮುಂಗೈಗೆ ತಾಗಿಸಿ ನೋಡುತ್ತಾರೆ. ಚರ್ಮ ತಡೆದುಕೊಂಡರೆ ಹೊಯ್ಯುವ ಹೊತ್ತು ಬಂತೆಂದು ಅರ್ಥ.

ಬರ್ನರಿನ ಉರಿಯ ಪಕ್ಕದಲ್ಲಿ ಸಾಲಾಗಿ ಇಟ್ಟ, ಮುಚ್ಚಳವಿರುವ ಅಂಗೈಯಗಲದ ಪ್ಲೇಟುಗಳಿಗೆ ಅವರು ದ್ರವ ಹೊಯ್ಯುತ್ತಾ ಹೋಗುತ್ತಾರೆ. ಮುಚ್ಚಳ ಎತ್ತುವುದು ಒಂದು ಕಡೆ ಮಾತ್ರ, ಅದೂ ಬೇಕಾದಷ್ಟೇ. ಸ್ವಲ್ಪ ಹೊತ್ತಿಗೆ ದ್ರವ ಗಟ್ಟಿಯಾಗಿ ನಡುಗುವ ಪದರವಾಗುತ್ತದೆ. ದಿನಕ್ಕೆ ನೂರರ ಮೇಲೆ ಪ್ಲೇಟು ಬೇಕು. ಗಾಳಿಯ, ಉಸಿರಿನ ರೋಗಾಣು ಪ್ಲೇಟಿಗೆ ಬೀಳಬಾರದೆಂದು ಹೊಯ್ಯುವಾಗ ಫ್ಯಾನು ಹಾಕುವಂತಿಲ್ಲ, ಮಾತಾಡುವಂತಿಲ್ಲ. "ಮಾತು ಅಂದ್ರೆ ನನಗೆ ಪ್ರಾಣ, ನನಗೇ ಇಂಥ ಕೆಲಸ ಸಿಕ್ತು ನೋಡಿ" ಎಂದು ಕೆಲಸ ಮುಗಿದ ಮೇಲೆ ನಗುತ್ತಾರೆ.

ರೋಗಿಯ ಕೀವು, ಮೂತ್ರ, ರಕ್ತದಲ್ಲಿರುವ ರೋಗಾಣುಗಳನ್ನು ಲ್ಯಾಬಿನವರು ಬೆಳೆಸಿ ಈ ಪ್ಲೇಟಿನ ಮೇಲೆ ಹರಡುತ್ತಾರೆ. ಮೇಲೆ ಬೇರೆ ಬೇರೆ ಆ್ಯಂಟಿಬಯೋಟಿಕ್ ಹೀರಿಸಿದ ಪುಟ್ಟ ಕಾಗದದ ಬಿಲ್ಲೆಗಳನ್ನು ಇಡುತ್ತಾರೆ. ಔಷಧಿ ಕೆಲಸ ಮಾಡಿದರೆ ಬಿಲ್ಲೆಯ ಸುತ್ತ ರೋಗಾಣು ಬೆಳೆಯದೆ ತಿಳಿಯಾದ ಉಂಗುರ ಮೂಡುತ್ತದೆ. ಉಂಗುರ ಅಳೆದು ರಿಪೋರ್ಟು ಬರೆಯುತ್ತಾರೆ, ಆ ರಿಪೋರ್ಟು ನೋಡಿ ವಾರ್ಡಿನಲ್ಲಿ ಡಾಕ್ಟರು ಔಷಧಿ ಗೊತ್ತುಮಾಡುತ್ತಾರೆ. ಪ್ಲೇಟಿನ ಪದರ ಹೊಯ್ದವರು ಯಾರೆಂದು ಕೇಳುವ ಗೋಜಿಗೆ ಯಾರೂ ಹೋಗುವುದಿಲ್ಲ.

ಅವರು ಇಲ್ಲಿಗೆ ಬಂದದ್ದು ಗಾಜು ತೊಳೆಯಲು. ಪ್ಲೇಟು ಹೊಯ್ಯುತ್ತಿದ್ದ ಹಿರಿಯರೊಬ್ಬರು ನಿವೃತ್ತರಾಗುವ ಮುಂಚೆ ಪಕ್ಕದಲ್ಲಿ ನಿಲ್ಲಿಸಿಕೊಂಡು ಕಲಿಸಿದರು. ಪ್ಲೇಟಕ್ಕನ ಮುಂಗೈ ತುಂಬ ಹಳೆಯ ಸುಟ್ಟ ಕಲೆಗಳು, ಸಂಜೆಯಾದರೆ ಮೀನಖಂಡ ಹಿಡಿದುಕೊಳ್ಳುತ್ತದೆ. ಇಷ್ಟು ವರ್ಷದಲ್ಲಿ ಅವರ ಕಣ್ಣೆದುರೇ ಉಂಗುರಗಳು ಸಣ್ಣಗಾಗಿವೆ. "ಮೊದಲೆಲ್ಲ ಎಷ್ಟು ಅಗಲ ಬರ್ತಿತ್ತು ಗೊತ್ತಾ? ಈಗ ಕೆಲವು ಪ್ಲೇಟಲ್ಲಿ ರೋಗಾಣುಗಳು ಬಿಲ್ಲೆ ಅಂಚಿಗೇ ಬಂದು ಕೂತಿರ್ತವೆ, ಮಾವನ ಮನೆಗೆ ಬಂದೋರ ಥರ" ಎನ್ನುತ್ತಾರೆ. ಬೇಕಾಬಿಟ್ಟಿ ಮಾತ್ರೆ ನುಂಗಿ, ಅರ್ಧಕ್ಕೆ ಬಿಟ್ಟು, ಮತ್ತೆ ನುಂಗಿದರೆ ಕೊನೆಗೆ ಗಟ್ಟಿ ರೋಗಾಣುಗಳೇ ಉಳಿದುಕೊಳ್ಳುತ್ತವೆ ಎಂದು ಓಣಿಯವರಿಗೆಲ್ಲ ಹೇಳಿ ಹೇಳಿ ಅವರ ಬಾಯಿ ನೋಯುತ್ತದೆ.

ಇಡೀ ಓಣಿಗೆ ಬುದ್ಧಿ ಹೇಳಿದವರಿಗೆ ಸ್ವಂತ ಮನೆಯ ಸುದ್ದಿ ಮಾತ್ರ ತಿಳಿಯಲಿಲ್ಲ. ಅವರ ಯಜಮಾನರು ಬಡಗಿ. ಕಳೆದ ವರ್ಷ ಪಾದಕ್ಕೆ ಮೊಳೆ ಚುಚ್ಚಿದಾಗ ಔಷಧಿ ಅಂಗಡಿಯಿಂದ ತಾವೇ ಆ್ಯಂಟಿಬಯೋಟಿಕ್ ತಂದರು, ನೋವು ಇಳಿದ ಕೂಡಲೇ ನಿಲ್ಲಿಸಿದರು. ಉಳಿದ ಮಾತ್ರೆ ದಂಡವಾಗಬಾರದೆಂದು ಉಪಕರಣದ ಪೆಟ್ಟಿಗೆಯಲ್ಲಿ ಉಳಿ, ಮೊಳೆಗಳ ಜೊತೆಗೆ ಬಚ್ಚಿಟ್ಟರು. ಗಾಯ ಮತ್ತೆ ಕೆರಳಿದಾಗ ಅದನ್ನೇ ನುಂಗಿದರು. ಹೆಂಡತಿಗೆ ತಿಳಿದರೆ ಪಾಠ ಶುರುವಾಗುತ್ತದೆಂದು ಬಾಯಿಗೆ ಬೀಗ ಹಾಕಿಕೊಂಡರು. ಪಾದ ಊದಿ, ಜ್ವರ ಏರಿ ಆಸ್ಪತ್ರೆ ಸೇರಿದ ಮೇಲೆಯೇ ನಿಜ ಹೊರಬಿದ್ದದ್ದು. ಸೋಂಕು ಮೇಲೇರಿದರೆ ಪಾದವನ್ನೇ ತೆಗೆಯಬೇಕಾದೀತು ಎಂದರು ಡಾಕ್ಟರು.

ಅವರನ್ನು ವಾರ್ಡಿಗೆ ಸೇರಿಸಿದ ಮರುದಿನ ಪ್ಲೇಟಕ್ಕ ಎಂದಿನಂತೆ ಹೊಯ್ಯಲು ನಿಂತರು. ಆ ಹಳದಿ ದ್ರವ ಮಾಡುವ ಪುಡಿಯ ಡಬ್ಬಿ ತಳ ಕಂಡಿತ್ತು, ಹೊಸದು ಬಂದಿರಲಿಲ್ಲ. ನೆಂಟರು ಹೆಚ್ಚಾದಾಗ ಎಲ್ಲರ ಲೋಟಕ್ಕೂ ಒಂದೊಂದು ಗುಟುಕು ಕಡಿಮೆ ಹೊಯ್ಯುವ ಹಾಗೆ, ಅವರು ಪ್ಲೇಟಿಗೂ ಹಾಗೇ ಹೊಯ್ದರು. ಪ್ಲೇಟು ಸಾಲದೆ ಗಂಡನ ಕೀವು ಕಾಯುತ್ತಾ ಕೂರಬಾರದು ಎಂಬುದೊಂದೇ ಅವರ ತಲೆಯಲ್ಲಿತ್ತು.

ಹೊಸದಾಗಿ ಹೊಯ್ದ ಪ್ಲೇಟುಗಳನ್ನು ಮೊದಲು ಪರೀಕ್ಷಿಸಿ ಆಮೇಲೆ ಬಳಸಬೇಕು. ಬೇರೆ ಪ್ಲೇಟು ಇಲ್ಲದ್ದರಿಂದ ಎರಡೂ ಒಟ್ಟಿಗೇ ನಡೆದವು. ರೋಗಾಣು ಬೆಳೆದು ಉಂಗುರ ಮೂಡಿದ ಬೆಳಿಗ್ಗೆ ಹಿರಿಯ ಟೆಕ್ನಿಷಿಯನ್ ಗಂಡನ ಪ್ಲೇಟು ಎತ್ತಿ ತೋರಿಸಿದರು. ವಾರ್ಡಿನಲ್ಲಿ ಅಂದಾಜಿನ ಮೇಲೆ ಕೊಡುತ್ತಿದ್ದ ಔಷಧಿಯ ಸುತ್ತಲೇ ಉಂಗುರವಿತ್ತು. ಪ್ಲೇಟಕ್ಕನಿಗೆ ಹೋದ ಜೀವ ಬಂದಂತಾಯಿತು. ಆದರೆ ಟೆಕ್ನಿಷಿಯನ್ ಪರೀಕ್ಷೆಯ ಪ್ಲೇಟು ಅಳೆದು ಹುಬ್ಬು ಗಂಟಿಕ್ಕಿದರು. ಎಷ್ಟು ಅಗಲದ ಉಂಗುರ ಬರಬೇಕೆಂದು ಮೊದಲೇ ಗೊತ್ತಿರುವ ರೋಗಾಣುವಿಗೂ ಅದು ಇರಬೇಕಾದ್ದಕ್ಕಿಂತ ಕೊಂಚ ದೊಡ್ಡದಾಗಿತ್ತು.

"ಒಂದು ಕೂದಲೆಳೆ ಅಷ್ಟೇ. ಬಿಲ್ಲೆಯದೇ ದೋಷ ಇರಬಹುದು, ಅಲ್ವಾ?" ಎಂದರು ಅವರು.

ಹೌದು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಪ್ಲೇಟಕ್ಕ ಹೇಳಿದರು, "ಇಲ್ಲ ಸರ್. ಪುಡಿ ಸಾಲದು ಅಂತ ನಾನೇ ತೆಳ್ಳಗೆ ಹೊಯ್ದೆ. ಎಲ್ಲಾ ಪ್ಲೇಟೂ ಹಾಗೇ ಇದೆ."

ಪದರ ತೆಳುವಾದರೆ ಔಷಧಿ ಹೆಚ್ಚು ದೂರ ಹರಡಿ ಉಂಗುರ ಸುಳ್ಳೇ ದೊಡ್ಡದಾಗುತ್ತದೆ. ಸೋಲುವ ಔಷಧಿಯೂ ಗೆದ್ದಂತೆ ಕಾಣುತ್ತದೆ. ಟೆಕ್ನಿಷಿಯನ್ ಅಂದಿನ ರಿಪೋರ್ಟುಗಳನ್ನೆಲ್ಲ ತಡೆದರು. ಬೈಯಲಿಲ್ಲ, ಬೇರೆ ಆಸ್ಪತ್ರೆಯಿಂದ ಪುಡಿ ತರಿಸಿಕೊಟ್ಟರು.

ವಾರ್ಡಿನಲ್ಲಿ ಗಂಡನ ಅಕ್ಕ ಕೆಂಡಾಮಂಡಲವಾಗಿದ್ದರು. "ಕಟ್ಟಿಕೊಂಡ ಗಂಡನ ರಿಪೋರ್ಟನ್ನೇ ತಡೆದಿದ್ದೀಯಲ್ಲ, ನಿನಗೇನು ತಲೆ ಕೆಟ್ಟಿದೆಯಾ? ಇರೋದ್ರಲ್ಲೇ ದೊಡ್ಡ ಇಂಜೆಕ್ಷನ್ ಕೊಡಿಸೋಕೆ ಹೇಳು."

"ದೊಡ್ಡದು ಇರೋದು ಬೇರೆ ಯಾವ ಔಷಧಿಯೂ ನಾಟದೆ ಹೋದಾಗ ಅಂತ ಅತ್ತಿಗೆ. ಅದನ್ನೂ ಹೀಗೇ ಕಳ್ಕೊಂಡ್ರೆ ಆಮೇಲೆ ಏನೂ ಉಳಿಯಲ್ಲ" ಎಂದರು ಪ್ಲೇಟಕ್ಕ. ಗಂಡ ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದ್ದರು. ಜ್ವರ ಇಳಿದಿರಲಿಲ್ಲ. ಆ ದಿನದಷ್ಟು ಭಯ ತಮ್ಮ ಜೀವಮಾನದಲ್ಲಿ ಪಟ್ಟಿಲ್ಲ ಎಂದು ಪ್ಲೇಟಕ್ಕ ಈಗಲೂ ಹೇಳುತ್ತಾರೆ.

ಹೊಸ ಪುಡಿಯಿಂದ ಮತ್ತೆ ಹೊಯ್ದ ಸರಿಯಾದ ಪ್ಲೇಟಿನಲ್ಲಿ ಬಿಲ್ಲೆಯ ಸುತ್ತಲಿನ ಆ ಉಂಗುರ ಕುಗ್ಗಿತ್ತು. ವಾರ್ಡಿನಲ್ಲಿ ಕೊಡುತ್ತಿದ್ದ ಔಷಧಿ ನಾಟುತ್ತಿರಲಿಲ್ಲ. ಬೇರೊಂದು ಸಾಧಾರಣ ಔಷಧಿಗೆ ಮಾತ್ರ ಅಗಲ ಉಂಗುರ ಉಳಿದಿತ್ತು. ಡಾಕ್ಟರು ಅದಕ್ಕೆ ಬದಲಿಸಿದರು. ಕಿರುಬೆರಳು ಹೋಯಿತು, ಪಾದ ಉಳಿಯಿತು. ಯಜಮಾನರು ಈಗ ಮತ್ತೆ ಕೆಲಸಕ್ಕೆ ಹೋಗುತ್ತಾರೆ. ಡಾಕ್ಟರು ಬರೆದುಕೊಟ್ಟ ಮಾತ್ರೆಗಳನ್ನು ಹೆಂಡತಿಯ ಎದುರೇ ಕೊನೆಯದರವರೆಗೂ ನುಂಗಿದ್ದೇನೆ ಎಂದು ಕೇಳಿದವರಿಗೆಲ್ಲ ಹೇಳಿಕೊಳ್ಳುತ್ತಾರೆ.

ಆ ದಿನ ರಿಪೋರ್ಟು ತಡೆಸಿದ್ದಕ್ಕೆ ಯಾವತ್ತಾದರೂ ಪಶ್ಚಾತ್ತಾಪವಾಗಿದೆಯೇ ಎಂದರೆ ಪ್ಲೇಟಕ್ಕ ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾರೆ.

"ತೆಳ್ಳಗೆ ಹೊಯ್ದಿದ್ದಕ್ಕೆ ಇದೆ. ಹೇಳಿದ್ದಕ್ಕೆ ಇಲ್ಲ. ಅವತ್ತು ನಮ್ಮನೆಯವರ ಪ್ಲೇಟಿನ ಜೊತೆ ಇನ್ನೂ ಎಷ್ಟೋ ಜನರ ಪ್ಲೇಟು ಇತ್ತು. ಅವರಿಗೆಲ್ಲ ಲ್ಯಾಬಲ್ಲಿ ಹೆಂಡ್ತಿ ಇರಲಿಲ್ಲವಲ್ಲ."