ರೊಡೆಲಿಯೊನ ಒಡಕು ದನಿ

ಇಲೊಯ್ಲೊ ಊರಿನ ಕ್ಷೌರಿಕ ರೊಡೆಲಿಯೊ ಸಿಕ್ಕ ಸಿಕ್ಕ ಆಂಪ್‌ಗೆಲ್ಲ ತನ್ನ ಗಿಟಾರ್ ಸಿಕ್ಕಿಸಿ ನೋಡಿ, ಅಂಗಡಿಯವರ ತಲೆ ತಿಂದು, ಕೊನೆಗೆ ಹಳೆಯ ಸ್ಪೀಕರ್ ಇದ್ದ ಆಂಪ್ ಪೆಟ್ಟಿಗೆಯೊಂದನ್ನು ಆರಿಸಿದ್ದ. ಜೋರಾಗಿ ಬಾರಿಸಿದರೆ ಅದು ಗಂಟಲು ಹರಿದುಕೊಂಡು ಕೂಗುತ್ತಿತ್ತು. ಹೆಂಡತಿಯ ಚಿಕ್ಕಮ್ಮ ಸತ್ತಾಗ ಬಾಮೈದ ಡಾಂಟೊಯ್ ಹೇಳದೆ ಕೇಳದೆ ಅದನ್ನು ಹೊತ್ತೊಯ್ದ. ಅಲ್ಲಿ ಹೆಣ ಕಾಯುವವರು ರಾತ್ರಿ ನಿದ್ದೆ ಬರದಂತೆ ಆಡುವ ಬಿಂಗೊ ಆಟಕ್ಕೆ ಮೈಕಿನಲ್ಲಿ ನಂಬರು ಕೂಗಬೇಕಲ್ಲ!

ಹಿಂದಿರುಗಿಸುವಾಗ ಡಾಂಟೊಯ್ ಬೀಗುತ್ತಿದ್ದ.

“ಭಾವ, ದನಿ ಒಡೀತಿತ್ತು, ನಂಬರೇ ತಿಳೀತಿರ್ಲಿಲ್ಲ. ನಾವೇ ಹೊಸ ಸ್ಪೀಕರ್ ಹಾಕ್ಸಿದ್ವಿ. ಹಳೇದು ಗುಜರಿಗೆ ಹೋಯ್ತು.”

“ಕತ್ತೆ! ಅದು ಒಡೀಲಿ ಅಂತಾನೇ ಕಣೋ ನಾನು ತಂದಿದ್ದು!”

“ಉಪಕಾರ ಮಾಡಿದ್ರೂ ಬೈತೀಯಲ್ಲ ಭಾವ!”

ರೊಡೆಲಿಯೊ ಗಿಟಾರ್ ಸಿಕ್ಕಿಸಿ ಮೀಟಿದ. ದನಿ ಬೆಣ್ಣೆಯಂತೆ ನುಣ್ಣಗೆ ಬಂತು. ಅವನು ಓಣಿಗೆಲ್ಲ ಕೇಳುವಂತೆ ಅರಚಿದ. ಅವನಿಗೆ ಬೇಕಿದ್ದ ಆ ಒಡಕು ಈಗ ಅವನ ಗಂಟಲಲ್ಲಿ ಮಾತ್ರ ಉಳಿದಿತ್ತು.