ಒಂದು ಗೇಣು ಹಳಿ

ಪಕ್ಕದ ಮನೆಯ ಮಾವನ ಬಲಗಾಲಿನ ಹೆಬ್ಬೆರಳಿಗೆ ಸದಾ ಒಂದು ಕೆಂಪು ರೇಷ್ಮೆ ಎಳೆ ಸುತ್ತಿರುತ್ತಿತ್ತು. ಸ್ನಾನಕ್ಕೂ ಬಿಚ್ಚುತ್ತಿರಲಿಲ್ಲ. ಎಳೆ ಕೂತ ಜಾಗದಲ್ಲಿ ಚರ್ಮ ತಗ್ಗಾಗಿ, ಯಾರೋ ಉಂಗುರ ಕೊರೆದಂತೆ ಕಾಣುತ್ತಿತ್ತು. ಯಾರಾದರೂ ಕೇಳಿದರೆ "ಇದು ಸಿಗ್ನಲ್ ಕಣಪ್ಪ" ಎನ್ನುತ್ತಿದ್ದರು. ಹಿಂದೂಪುರದ ನಮ್ಮ ಬೀದಿಯೆಲ್ಲ ಆ ಮಾತಿಗೆ ನಗುತ್ತಿತ್ತು. ನಾನು ನಗುತ್ತಿರಲಿಲ್ಲ. ಆ ಎಳೆಯನ್ನು ಅವರು ಯಾವುದಕ್ಕೆ ಗಂಟು ಹಾಕುತ್ತಾರೆಂದು ನಾನು ಕಂಡಿದ್ದೆ.

ಅವರನ್ನು ಮಾವ ಎಂದೇ ಕರೆಯುತ್ತಿದ್ದೆ. ಸಂಬಂಧವೇನೂ ಇಲ್ಲ, ಅವರು ನೇಯ್ಗೆಯವರು, ನಾವು ಬೇಸಾಯದವರು, ಎರಡು ಮನೆಗೂ ಒಂದೇ ಗೋಡೆ. ಹಿಂದಿನ ಕೋಣೆಯ ಪವರ್ ಲೂಮ್ ಮಾವನದು. ಮುಂದಿನ ಕೋಣೆಯ ಗುಂಡಿಮಗ್ಗ ಅವರ ಹೆಂಡತಿಯದು, ನನಗೆ ಅತ್ತೆ. ನೆಲದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತು ಅತ್ತೆ ರೇಷ್ಮೆ ಸೀರೆ ನೇಯುವ ಸದ್ದು ಗೋಡೆಯ ಈ ಕಡೆ ನಮಗೆ ಗಡಿಯಾರವಿದ್ದಂತೆ.

ಅತ್ತೆ ತಂಗಿಯ ಮಗಳ ಬಾಣಂತನಕ್ಕೆಂದು ಕಲ್ಯಾಣದುರ್ಗಕ್ಕೆ ಹೊರಟಾಗ ಮಗ್ಗದ ಮೇಲೆ ಅರ್ಧ ನೇಯ್ದ ಹಸಿರು ಸೀರೆಯಿತ್ತು. ಬಾಗಿಲಲ್ಲಿ ನಿಂತು ಮಾವನಿಗೆ ಹೇಳಿದ್ದು ನನಗೂ ಕೇಳಿಸಿತ್ತು: "ನಾ ಬರೋಗಂಟ ಮಗ್ಗದಾಗೆ ಕೂರ್ಬ್ಯಾಡ. ಕೈ ಬದಲಾದ ಗೆರೆ ಬೀಳ್ತದೆ, ಆಮ್ಯಾಕೆ ಯಾರು ಉಡ್ತಾರೆ?" ಒಬ್ಬರು ನೇಯುತ್ತಿದ್ದ ಬಟ್ಟೆಗೆ ಇನ್ನೊಬ್ಬರು ಕೂತರೆ ಹೊಡೆತದ ತೂಕ ಬದಲಾಗುತ್ತದೆ. ಅಲ್ಲೊಂದು ಗೆರೆ ಮೂಡಿಯೇ ಮೂಡುತ್ತದೆ, ಎಂಥ ಕಸುಬುದಾರನಿಗೂ ಅದನ್ನು ಮುಚ್ಚಲಾಗದು.

ಅದು ಕೊರೊನಾ ಬಂದು ದಾರಿಗಳೆಲ್ಲ ಮುಚ್ಚಿದ ಬೇಸಿಗೆ. ಅತ್ತೆ ಅಲ್ಲೇ ಸಿಕ್ಕಿಕೊಂಡರು. ಒಂದು ಬೆಳಗ್ಗೆ ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲ. ಬಸ್ಸಿಲ್ಲ, ಜೀಪಿಲ್ಲ. ಮಾವ ಇಲ್ಲಿ ಫೋನು ಕಿವಿಗಿಟ್ಟುಕೊಂಡೇ ಇದ್ದರು, ಅಲ್ಲಿ ಮಣ್ಣು ಮಾಡಿ ಮುಗಿಯಿತು. ಮುಖ ನೋಡದ ಮೇಲೆ ಸಾವನ್ನು ನಂಬುವುದು ಹೇಗೆ? "ನಿಮ್ಮತ್ತೆ ಇನ್ನೂ ವಾಪಸ್ ಬಂದಿಲ್ಲ ಅಷ್ಟೇಯ" ಎಂದರು.

ಮಾವನ ಆಟಿಕೆ ರೈಲು ಶುರುವಾದದ್ದು ಆಮೇಲೆ. ಎರಡೂ ಊರಲ್ಲಿ ಸ್ಟೇಷನ್ ಇದೆ, ಆದರೆ ಒಂದರಿಂದ ಇನ್ನೊಂದಕ್ಕೆ ನೇರ ಹಳಿಯಿಲ್ಲ. ಆ ಇಲ್ಲದ ಹಳಿಯನ್ನು ಮಾವ ಮಗ್ಗದ ಕೋಣೆಯಲ್ಲಿ ಹಾಕಲು ಹೊರಟರು. ಮಗ್ಗ ಬಿಚ್ಚಲಿಲ್ಲ. ಸೀರೆಗೆ ಹಳೆಯ ಪಂಚೆ ಹೊದಿಸಿ, ಅದರ ಸುತ್ತ ಮೊಳಕಾಲೆತ್ತರದಲ್ಲಿ ಹಲಗೆ ಬಡಿದರು. ಎಂಜಿನ್ನು, ಹಳಿ ಬೆಂಗಳೂರಿನ ಆಟಿಕೆ ಅಂಗಡಿಯಿಂದ ಬಂದವು. ಮಿಕ್ಕದ್ದೆಲ್ಲ ಮನೆಯದೇ. ಸೀರೆಯ ಡಿಸೈನಿಗೆ ತೂತು ಹೊಡೆದ ಹಳೆಯ ರಟ್ಟುಗಳನ್ನು ಮಡಿಸಿ ಬೋಗಿ ಮಾಡಿದರು, ತೂತುಗಳೇ ಕಿಟಕಿ. ಕಡ್ಲೆಕಾಯಿ ಸಿಪ್ಪೆಯ ಪುಡಿ ಅಂಟಿಸಿದರೆ ನಮ್ಮ ಸೀಮೆಯ ಕೆಂಪು ನೆಲವೇ.

ನನ್ನದು ಸೆಲ್‌ಫೋನ್ ರಿಪೇರಿ ಅಂಗಡಿ. ವೈರು ಬೆಸೆಯಲು ನನ್ನನ್ನೇ ಕರೆಯುತ್ತಿದ್ದರು: "ಬಾರಯ್ಯಾ ಫೋನ್ ಡಾಕ್ಟ್ರೇ, ರೈಲಿಗೆ ಜ್ವರ ಬಂದೈತೆ." ಬೀದಿಯ ಹೆಂಗಸರು, "ಸೀರೆ ನೇಯೋದು ಬಿಟ್ಟು ರೈಲು ನೇಯ್ತಾನಂತೆ ಮಹಾನುಭಾವುಡು!" ಎಂದು ಆಡಿಕೊಳ್ಳುವರು. "ನೇಯ್ದ್ರೆ ಏನೀಗ? ಸೆರಗು ನಿಮಗೇ ಕೊಡ್ತೀನಿ ಬುಡ್ರಮ್ಮ" ಎಂದು ಮಾವ ಕಿಟಕಿಯಿಂದಲೇ ಉತ್ತರ ಕೊಡುವರು.

ಗುಂಡಿಯಲ್ಲಿ ಕೂತರೆ ಎಡಗೈಗೆ ಕಲ್ಯಾಣದುರ್ಗ, ಬಲಗೈಗೆ ಹಿಂದೂಪುರ. ಲಾಳಿ ಹೋದಂತೆ ಎಡದಿಂದ ಹೊರಟ ಗಾಡಿ ಮಗ್ಗವನ್ನು ಬಳಸಿಕೊಂಡು ಬಲಕ್ಕೆ ಬರುತ್ತಿತ್ತು. ಹಲಗೆಯ ಕೆಳಗೆ ಬಿಗಿದಿದ್ದ ರೇಷ್ಮೆಯ ಎಳೆಗಳು ಗಾಡಿಯ ಅದುರಿಗೆ ಗುಂಯ್ ಎನ್ನುತ್ತಿದ್ದವು, ಬಾಯಿ ಮುಚ್ಚಿಕೊಂಡು ಯಾರೋ ಹಾಡಿದ ಹಾಗೆ. ಹಿಂದೂಪುರದ ಸಿಗ್ನಲ್ಲಿಗೆ ಮಾವನ ಹೆಬ್ಬೆರಳಿನ ಎಳೆ ಕಟ್ಟಿರುತ್ತಿತ್ತು. ಬೆರಳು ಮಡಿಸಿದರೆ ಕೈಕಂಬದ ಕೈ ಇಳಿದು ಗಾಡಿಗೆ ದಾರಿ ಬಿಡುವುದು. ಕಲ್ಯಾಣದುರ್ಗದ ಪ್ಲಾಟ್‌ಫಾರ್ಮಿನಲ್ಲಿ ಬೆರಳಗೆಣ್ಣಿನಷ್ಟು ಎತ್ತರದ ಒಂದೇ ಒಂದು ಗೊಂಬೆ: ಹಸಿರು ರೇಷ್ಮೆಯ ಚೂರು ಸುತ್ತಿ, ಕೈಗೆ ಚೀಲ ಕೊಟ್ಟು ನಿಲ್ಲಿಸಿದ್ದು.

ಎಲ್ಲ ಮುಗಿದರೂ ಹಿಂದೂಪುರಕ್ಕೆ ಇನ್ನೊಂದು ಗೇಣು ಇರುವಂತೆ ಹಳಿ ನಿಂತುಬಿಟ್ಟಿತು. ದಿನಾ ಬೆಳಗ್ಗೆ ಖಾಲಿ ಗಾಡಿ ಅಲ್ಲಿಯವರೆಗೆ ಬರುವುದು, ಹಿಂದಕ್ಕೆ ಹೋಗುವುದು. ಹೀಗೇ ಮೂರು ವರ್ಷ.

"ಮಾವ, ಹಳಿ ಡಬ್ಬಿಯಾಗೇ ಐತಲ್ಲ. ಇದೊಂದು ಗೇಣು ಯಾಕೆ ಬಿಟ್ರಿ?"

"ಇರ್ಲಿ ಬುಡಪ್ಪ."

"ಊರು ಕಾಣೋಗಂಟ ಬಂದು ವಾಪಸ್ ಹೋಗ್ತೈತಲ್ಲ, ಪಾಪ."

ಮಾವ ಎಂಜಿನ್ನನ್ನೇ ನೋಡುತ್ತಾ ಹೇಳಿದರು: "ಬಂದ್ಬುಟ್ರೆ, ಆಮ್ಯಾಕೆ ನಾನು ಯಾರ್ನ ಕಾಯ್ಲಿ?"

ನೇಯ್ಗೆಯವರು ಸೀರೆ ಕತ್ತರಿಸುವಾಗ ಮಗ್ಗವನ್ನು ಬರಿದು ಮಾಡುವುದಿಲ್ಲ. ಒಂದು ಗೇಣು ಹಳೆಯ ಎಳೆ ಉಳಿಸಿ, ಹೊಸ ಹಾಸಿನ ಎಳೆಗಳನ್ನು ಅದಕ್ಕೇ ಹೊಸೆಯುತ್ತಾರೆ. ಬರಿದಾದ ಮಗ್ಗ ಎಂದರೆ ಆ ಮನೆಯ ಕೆಲಸ ಮುಗಿಯಿತು ಎಂದರ್ಥ. ಮಾವ ಬಿಟ್ಟದ್ದು ಆ ಗೇಣು. ಬೇಸಾಯದ ಮನೆಯ ನನಗೆ ಅದು ಹೊಳೆಯಲಿಲ್ಲ. ಕಣ್ಣು ಮಂಜಾಗಿದೆ, ಜೋಡಿಸಲಾಗದೆ ಹೀಗೆ ಮಾತು ತೇಲಿಸುತ್ತಾರೆ ಎಂದುಕೊಂಡೆ.

ಆ ವರ್ಷ ಅತ್ತೆ ತೀರಿದ ದಿನಕ್ಕೆ ಸಮಾಧಿಗೆ ದೀಪ ಹಚ್ಚಲು ಮಾವ ಕಲ್ಯಾಣದುರ್ಗಕ್ಕೆ ಹೋದರು, ಬೀಗದ ಕೈ ನನಗೆ ಕೊಟ್ಟು. ಬರುವಷ್ಟರಲ್ಲಿ ಖುಷಿಪಡಿಸೋಣವೆಂದು ಮಾರನೆಯ ಬೆಳಗ್ಗೆ ನಾನು ಆ ಗೇಣು ಹಳಿಯನ್ನು ಕೂರಿಸಿ ಬೆಸೆದೆ. ಖಾಲಿ ಗಾಡಿ ಯಾಕೆಂದು ಗೊಂಬೆಯನ್ನು ಎರಡು ಬೆರಳಲ್ಲಿ ಎತ್ತಿ, ಎರಡನೆಯ ಬೋಗಿಯ ಕಿಟಕಿಗೆ ಕೂರಿಸಿದೆ. ಅದು ಬೆಚ್ಚಗಿತ್ತು. ಬೆಸುಗೆ ಹಾಕಿದ ನನ್ನ ಕೈಯ ಬಿಸಿ ಇರಬಹುದು.

ಗಾಡಿ ಬಿಟ್ಟೆ. ಕೆಳಗೆ ಎಳೆಗಳು ಹಾಡತೊಡಗಿದವು. ಹಿಂದೂಪುರ ಹತ್ತಿರವಾದಾಗ ನೆನಪಾಯಿತು: ಸಿಗ್ನಲ್ ಇಳಿಸಿಲ್ಲ. ಅದರ ಎಳೆ ಮಾವನ ಕಾಲಲ್ಲೇ ಊರಿಗೆ ಹೋಗಿದೆ. ನೋಡುತ್ತಿದ್ದಂತೆ ಕೈಕಂಬದ ಕೈ ತಾನಾಗಿ ಬಾಗಿತು. ಗಾಡಿ ಒಳಗೆ ಬಂದು ನಿಂತಿತು. ಗೋಡೆ ಗಡಿಯಾರದಲ್ಲಿ ಹನ್ನೊಂದೂವರೆ. ಎಂಜಿನ್ನು ನಿಂತ ಮೇಲೂ ಎಳೆಗಳ ಹಾಡು ಸ್ವಲ್ಪ ಹೊತ್ತು ನಿಲ್ಲಲಿಲ್ಲ. ಬಾಗಿಲು ಹಾಕಿಕೊಂಡು ಹೊರಗೆ ಬಿಸಿಲಲ್ಲಿ ನಿಂತೆ.

ಮಧ್ಯಾಹ್ನ ಮಾವ ಬಂದರು. ಚಪ್ಪಲಿ ಬಿಡದೆ ಒಳಗೆ ಹೋಗಿ ಗಾಡಿಯ ಮುಂದೆ ನಿಂತರು.

"ಎಷ್ಟೊತ್ತಿಗೆ ಬಂತು?"

"ಹನ್ನೊಂದೂವರೆಗೆ ಮಾವ. ನಾನೇ ಬೆಸೆದೆ. ತಪ್ಪಾಯ್ತಾ?"

ಅವರು ತಮ್ಮ ಹೆಬ್ಬೆರಳನ್ನು ನೋಡಿಕೊಂಡರು. ಎಳೆ ಇರಲಿಲ್ಲ. "ಅದೇ ಹೊತ್ತಿಗೆ ಬಸ್ಸಿನಾಗೆ ಜಗ್ಗಿ ಹರೀತು. ಗಾಡಿ ಬಂತು ಅಂತ ಆಗಲೇ ಅಂದ್ಕಂಡೆ. ನನ್ನ ಪಕ್ಕದ ಕಿಟಕಿ ಸೀಟು ಖಾಲಿ ಇತ್ತು ಕಣಪ್ಪ. ಜನ ಕಂಬಿ ಹಿಡ್ಕಂಡು ನಿಂತವ್ರೆ, ಅದ್ರಾಗೆ ಮಾತ್ರ ಒಬ್ರೂ ಕೂರ್ಲಿಲ್ಲ. ಪೆನುಕೊಂಡದಾಗೆ ಬಸ್ ಬದಲಾಯಿಸ್ದೆ. ಅಲ್ಲೂ ಅಂಗೇಯ. ಕಂಡಕ್ಟರು ಬಂದು ಎರಡು ಟಿಕೆಟ್ ಹರಿದ."

ನನ್ನ ಭುಜದ ಮೇಲೆ ಕೈಯಿಟ್ಟರು. "ಒಳ್ಳೇದೇ ಮಾಡ್ದೆ. ನಂಗೆ ಕೈ ಬತ್ತಿರ್ಲಿಲ್ಲ. ಈಗ ಹೋಗು, ಕೆಲಸ ಐತೆ." ಬಾಗಿಲು ಮುಚ್ಚಿದರು.

ಆ ಮಧ್ಯಾಹ್ನವೇ ಗೋಡೆಯಾಚೆ ಗುಂಡಿಮಗ್ಗದ ಸದ್ದು ಶುರುವಾಯಿತು. ಒಂಬತ್ತು ದಿನ ಕೇಳಿದೆ. ಊಟ ಕೊಡಲು ಹೋದರೆ ಬಾಗಿಲು ಗೇಣಷ್ಟೇ ತೆರೆದು, "ಇಬ್ಬರಿಗಾಗೋವಷ್ಟು ತಾರಪ್ಪ" ಎನ್ನುವರು. ಹತ್ತನೆಯ ಬೆಳಗ್ಗೆ ಸದ್ದಿರಲಿಲ್ಲ. ಮಾವ ಗುಂಡಿಯಲ್ಲಿ ಕಾಲು ಇಳಿಬಿಟ್ಟು, ಗೋಡೆಗೊರಗಿ, ನಿದ್ದೆ ಹೋದವರಂತೆ ಇದ್ದರು. ಮಡಿಲಲ್ಲಿ ಮಡಿಸಿಟ್ಟ ಹಸಿರು ಸೀರೆ. ಮಗ್ಗದಲ್ಲಿ ಗೇಣುದ್ದ ಎಳೆಯೂ ಉಳಿದಿರಲಿಲ್ಲ.

ಅಂದಿನಿಂದ ಅಂಗಡಿಗೆ ಯಾರಾದರೂ ಕೆಟ್ಟ ಫೋನು ತಂದರೆ, "ಸರಿ ಮಾಡ್ಲಾ?" ಎಂದು ಒಂದು ಸಲ ಕೇಳಿಯೇ ಮುಟ್ಟುತ್ತೇನೆ. ಗಿರಾಕಿಗಳು ನಗುತ್ತಾರೆ. ಬಿಟ್ಟ ಜಾಗವೆಲ್ಲ ಮರೆತ ಜಾಗವಲ್ಲ ಎಂದು ನನಗೆ ಕಲಿಸಿದವರು ಅವರು. ಆ ಋಣ ತೀರುವಂಥದ್ದಲ್ಲ.

ಗೋರಂಟ್ಲದಲ್ಲಿರುವ ಮಾವನ ಮಗಳೂ ಮಗ್ಗದವಳೇ. ಕಾರ್ಯ ಮುಗಿದ ಮೇಲೆ ಆ ಸೀರೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಂದು ತುದಿಯಿಂದ ಸೆರಗಿನವರೆಗೆ ಬೆರಳಾಡಿಸಿದಳು. ಮತ್ತೆ ಹಿಂದಕ್ಕೆ ಹೋದಳು. ಮೂರನೆಯ ಸಲ ಕಣ್ಣು ಮುಚ್ಚಿಕೊಂಡಳು.

"ಅಣ್ಣ, ಕೈ ಬದಲಾದ ಗೆರೆ ಎಲ್ಲೂ ಸಿಗ್ತಿಲ್ಲ. ಪೂರಾ ಅಮ್ಮನ ಕೈಯೇ ಇದು. ಅಪ್ಪ ನೇಯ್ತಿದ್ದುದ್ನ ನೀನು ಕಣ್ಣಾರೆ ನೋಡಿದ್ಯಾ?"

"ಸದ್ದು ಕೇಳಿದ್ದೆ ಕಣಮ್ಮ" ಎಂದೆ.