ಬಿಳಿ ಸಿಂಕಿನ ಉಜ್ಜಮ್ಮ

ಆಫೀಸಿನಲ್ಲಿ ಊಟದ ಡಬ್ಬಿ ತೆರೆದಾಗ ಬೆರಳುಗಳಿಂದ ಬ್ಲೀಚಿನ ವಾಸನೆ ಬಂತು. ತೆರೆದ ಡಬ್ಬಿಯನ್ನು ಹಾಗೇ ಮುಚ್ಚಿಟ್ಟೆ. ಬೆಳಿಗ್ಗೆ ಅಡುಗೆಮನೆಯ ಸಿಂಕಿನ ತೂತಿಗೆ ಬಿರಟೆ ಹಾಕಿ, ನೀರು ತುಂಬಿಸಿ, ಬ್ಲೀಚ್ ಸುರಿದು, ಯಾರಿಗೂ ಹೇಳದೆ ಬಂದಿದ್ದೆ. ಮನೆಯಲ್ಲಿರುವುದು ಅತ್ತೆ, ಮತ್ತೆ ಇನ್ನೂ ನಡೆಯಲು ಬಾರದ ನನ್ನ ಮಗಳು. ಅತ್ತೆ ಊಟವಾದ ಮೇಲೆ ಅದೇ ಸಿಂಕಿಗೆ ಕಕ್ಕಸು ತೊಳೆಯುವ ಆಸಿಡ್ ಹಾಕುತ್ತಾರೆ. ಎರಡೂ ಸೇರಿದರೆ ಏಳುವುದು ವಿಷದ ಹೊಗೆ. ಮಗಳೋ, ಸ್ವಲ್ಪ ದೂಳು ಕುಡಿದರೂ ಎದೆಯಲ್ಲಿ ಸಿಳ್ಳೆ ಏಳುವ ಕೂಸು.

ಒಂದು ಫೋನ್ ಮಾಡಿದರೆ ಮುಗಿಯಿತು. ಆದರೆ ಅತ್ತೆಗೂ ನನಗೂ ಮಾತಿಲ್ಲ.

ಅತ್ತೆ ಬದುಕಿಡೀ ಪಾತ್ರೆ ಉಜ್ಜಿದವರು. ಮಾವ ತೀರಿಕೊಂಡ ಮೇಲೆ ಒಂದು ಹಾಸ್ಟೆಲ್ಲಿನ ಅಡುಗೆಮನೆ ಸೇರಿದರಂತೆ. ಅಲ್ಲಿ ಸಿಂಕಿರಲಿಲ್ಲ. ಹಿಂದಿನ ಗೋಡೆಗೆ ಅಂಟಿಕೊಂಡ ಸಿಮೆಂಟಿನ ತೊಟ್ಟಿ, ಅದರ ಮುಂದೆ ಕುಕ್ಕರುಗಾಲಲ್ಲಿ ಕೂತು ದೊಡ್ಡ ಪಾತ್ರೆಗಳೊಳಗೆ ತಲೆ ತೂರಿಸಿ ತಿಕ್ಕಬೇಕು. ತೊಟ್ಟಿಗೆ ಪಾಚಿ ಕಟ್ಟಿದರೆ ಬೈಗುಳ, ಪಾತ್ರೆಯ ತಳ ಕಪ್ಪಗೆ ಉಳಿದರೆ ಬೈಗುಳ. ಅಡುಗೆಯವರು ಅವರನ್ನು ಕರೆಯುತ್ತಿದ್ದದ್ದೇ ‘ಉಜ್ಜಮ್ಮ’ ಎಂದು. ತೊಟ್ಟಿಯಲ್ಲಿ ನಿಂತ ನೀರಿಗೇ ಆಸಿಡ್ ಸುರಿದು ನೆನೆಯಲು ಬಿಡುವುದು ಅವರು ಅಲ್ಲಿ ಕಲಿತ ಅಭ್ಯಾಸ. ಆ ಆಸಿಡ್ ಅವರ ಮೂಗನ್ನೂ ತಿಂದುಹಾಕಿದೆ. ಹಾಲು ಒಡೆದರೂ ಹೊತ್ತಿದರೂ ಅವರಿಗೆ ವಾಸನೆ ಹತ್ತುವುದಿಲ್ಲ.

ಈ ಕತೆಯನ್ನೆಲ್ಲ ಅವರು ನನಗೆ ಹೇಳಿದ್ದು ಕನಿಕರ ಬರಲಿ ಎಂದಲ್ಲ. ನಾನು ಸ್ಟೀಲ್ ಸಿಂಕ್ ಸಾಕು ಎಂದಾಗ ನನ್ನ ಬಾಯಿ ಮುಚ್ಚಿಸಲು. ನಿಂತುಕೊಂಡು ತೊಳೆಯುವ ಬಿಳಿ ಪಿಂಗಾಣಿ ಸಿಂಕೇ ಆಗಬೇಕಿತ್ತು ಅವರಿಗೆ.

ಅಂಗಡಿಯಲ್ಲಿ ಒಂದೊಂದು ಸಿಂಕನ್ನೂ ಬೆರಳಗಂಟಿನಿಂದ ತಟ್ಟಿ, ಕಿವಿಯಿಟ್ಟು ಕೇಳಿದರು. ತಳದಲ್ಲಿ ಕೈಯಾಡಿಸಿದರು. ಚೀಲದಿಂದ ಕುಡಿಯುವ ನೀರಿನ ಬಾಟಲಿ ತೆಗೆದು ಸುರಿದು, ನೀರು ಮೂಲೆಯಲ್ಲಿ ನಿಲ್ಲುತ್ತದೋ ತೂತಿನತ್ತ ಓಡುತ್ತದೋ ಎಂದು ಬಗ್ಗಿ ನೋಡಿದರು.

“ಏನಮ್ಮಾ, ಸಿಂಕ್ ಆರಿಸ್ತಿದೀರೋ ಸೊಸೆ ಆರಿಸ್ತಿದೀರೋ?” ಎಂದ ಅಂಗಡಿಯವನು.

“ಸೊಸೇನ ಹೀಗೆ ತಟ್ಟಿ ನೋಡ್ಲಿಲ್ಲ ಕಣಪ್ಪಾ, ಅದಕ್ಕೇ ಅನುಭವಿಸ್ತಿದೀನಿ.”

ಇಬ್ಬರೂ ನಕ್ಕರು. ನಾನು ಮಗುವನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದೆ.

ಸಿಂಕ್ ಬಂತು, ಜೊತೆಗೆ ಜಗಳವೂ ಬಂತು. ಪಿಂಗಾಣಿಗೆ ಸ್ಟೀಲ್ ನಾರು ತಾಗಿಸಬಾರದು, ಬೂದು ಗೀರು ಬೀಳುತ್ತದೆ. ಬಲವಾದ ಆಸಿಡ್ ಪದೇ ಪದೇ ಹಾಕಿದರೆ ಹೊಳಪು ಸತ್ತು ಕಲೆ ಇನ್ನಷ್ಟು ಕಚ್ಚುತ್ತದೆ. ಮೆತ್ತನೆ ಸ್ಪಂಜು, ಅಡುಗೆ ಸೋಡಾ ಸಾಕು. ಎಲ್ಲವನ್ನೂ ಓದಿ ತಿಳಿದುಕೊಂಡು ಹೇಳಿದೆ. ಪಾತ್ರೆ ಬಿದ್ದು ಚಕ್ಕೆ ಏಳದಿರಲಿ ಎಂದು ತಳಕ್ಕೆ ರಬ್ಬರ್ ಹಾಸು ತಂದೆ. ಅತ್ತೆ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, “ಸಿಂಕಿಗೆ ಚಾಪೆ ಹಾಸಿದೀಯ, ದಿಂಬು ಎಲ್ಲಿ?” ಎಂದು ಕಸದ ಬುಟ್ಟಿಗೆ ಹಾಕಿದರು. ನಾನು ಅವರ ಆಸಿಡ್ ಬಾಟಲಿಯನ್ನು ಅದೇ ಬುಟ್ಟಿಗೆ ಹಾಕಿದೆ. ಮಾತು ನಿಂತದ್ದು ಅವತ್ತೇ.

ಸ್ವಲ್ಪ ದಿನಕ್ಕೆ ಗ್ಯಾಸ್ ಸಿಲಿಂಡರಿನ ಹಿಂದೆ ಹೊಸ ಆಸಿಡ್ ಬಾಟಲಿ ಕಂಡಿತು. ಕಂಡೂ ಕಾಣದಂತಿದ್ದೆ. ನಾನೂ ಒಂದು ಬ್ಲೀಚ್ ತಂದು ಮೇಲಿನ ಕಪಾಟಿನಲ್ಲಿ ಹಿಟ್ಟಿನ ಡಬ್ಬಿಗಳ ಹಿಂದೆ ಬಚ್ಚಿಟ್ಟೆ. ಒಂದೇ ಅಡುಗೆಮನೆ, ಎರಡು ಕಳ್ಳ ಬಾಟಲಿ. ಇನ್ನು ಏನಾದರೂ ಹೇಳಬೇಕೆಂದರೆ ಮಗುವಿನ ಮುಖ ನೋಡಿಕೊಂಡು ಹೇಳುವುದು.

“ಪುಟ್ಟೀ, ನಿಮ್ಮಮ್ಮ ಓದಿದ್ದೆಲ್ಲ ಈ ಟೀ ಕಲೆಯಲ್ಲಿ ಕಾಣ್ತಿದೆ ನೋಡು,” ಎಂದರು ಅತ್ತೆ ಇವತ್ತು ಬೆಳಿಗ್ಗೆ.

“ಪುಟ್ಟೀ, ಹೊಳಪು ಕಿತ್ತುಹಾಕಿದ್ದು ಯಾರು ಅಂತ ಅಜ್ಜೀನೇ ಕೇಳು.”

ಅವರು ಬಟ್ಟೆ ಒಣಹಾಕಲು ಹೋದರು. ಉರಿಯುತ್ತಿದ್ದ ನಾನು ಬ್ಲೀಚ್ ಸುರಿದೆ. ಸಂಜೆ ಬಂದು ಹಾಲಿನಂಥ ಸಿಂಕ್ ತೋರಿಸಿ ಅವರ ಮೂತಿ ನೋಡಬೇಕಿತ್ತು ನನಗೆ. ಆಸಿಡ್ಡಿನ ನೆನಪೇ ಆಗಲಿಲ್ಲ.

ಈಗ ಅವರ ಊಟದ ಹೊತ್ತು. ಊಟ ಮುಗಿಸಿ, ಸಿಂಕಿನ ಪಕ್ಕಕ್ಕೇ ಮಗುವಿನ ಎತ್ತರದ ಕುರ್ಚಿ ಎಳೆದುಕೊಂಡು ಅವರು ಕೆಲಸಕ್ಕೆ ನಿಲ್ಲುತ್ತಾರೆ. ನೀರಿನಾಟ ನೋಡುತ್ತಾ ಕೂಸು ಸುಮ್ಮನಿರುತ್ತದೆ. ನಿಂತ ನೀರು ಕಂಡರೆ ಅತ್ತೆ ಆಸಿಡ್ ಸುರಿಯದೆ ಬಿಡುವವರಲ್ಲ.

ಗಂಡನಿಗೆ ಫೋನ್ ಮಾಡಿದೆ. ರಿಂಗಾಗಿ ರಿಂಗಾಗಿ ನಿಂತಿತು. ಅವರು ಕೆಲಸ ಮಾಡುವ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಮಷೀನಿನ ಸದ್ದಿಗೆ ಏನು ಕೇಳಿಸೀತು. ನಾನೇ ಮೊದಲು ಮಾತಾಡಿದರೆ ಊರಿಗೆಲ್ಲ ಹೇಳಿಕೊಂಡು ನಗುತ್ತಾರೆ ಅತ್ತೆ. ನಗಲಿ. ಅವರ ನಂಬರ್ ಒತ್ತಿದೆ.

“ಹಲೋ.”

“ಅತ್ತೇ, ಸಿಂಕಿಗೆ ಆಸಿಡ್ ಹಾಕಬೇಡಿ.”

“ಓಹೋ, ಬಾಯಿ ಬಂತಾ? ಯಾವ ಆಸಿಡ್ಡು?”

“ಸಿಲಿಂಡರ್ ಹಿಂದೆ ಇದೆಯಲ್ಲ, ಅದು.”

“ನನ್ನ ಸಾಮಾನೆಲ್ಲ ತಡಕಾಡ್ತೀಯೇನೇ?”

“ಆಮೇಲೆ ಎಷ್ಟು ಬೇಕಾದ್ರೂ ಬೈರಿ. ಅದು ಬರೀ ನೀರಲ್ಲ, ಬ್ಲೀಚ್ ಹಾಕಿದೀನಿ. ಎರಡೂ ಸೇರಿದ್ರೆ ವಿಷದ ಹೊಗೆ ಏಳುತ್ತೆ. ಪುಟ್ಟಿ ತಡ್ಕೊಳಲ್ಲ. ಎಲ್ಲಿದಾಳೆ ಪುಟ್ಟಿ?”

ಫೋನಿನಲ್ಲಿ ತೀರ ಹತ್ತಿರದಲ್ಲೇ ಚಮಚ ಬಡಿಯುವ ಸದ್ದು, ಮಗಳ ತೊದಲು. ಆಮೇಲೆ ಬಾಟಲಿಯನ್ನು ಕಟ್ಟೆಯ ಕಲ್ಲಿನ ಮೇಲೆ ಮೆಲ್ಲಗೆ ಇಟ್ಟ ಸದ್ದು.

“ಮುಚ್ಚಳ ತೆಗೆದಿದ್ದೆ,” ಎಂದರು. ಅಂಥ ದನಿ ಅವರಿಂದ ನಾನು ಕೇಳಿದ್ದೇ ಇರಲಿಲ್ಲ. ಮರುಕ್ಷಣವೇ ಏರಿತು: “ಹೇಳದೆ ಕೇಳದೆ ವಿಷ ಇಟ್ಟು ಹೋಗಿದೀಯಲ್ಲೇ, ನೀನು ತಾಯೀನೇನೇ?”

“ಮುಚ್ಚಳ ಹಾಕಿ. ಅವಳನ್ನ ರೂಮಿಗೆ ಬಿಟ್ಟು ಬನ್ನಿ. ಕಿಟಕಿ ತೆಗೀರಿ, ಬಿರಟೆ ಕಿತ್ತು ನಲ್ಲಿ ಪೂರ್ತಿ ಬಿಡಿ.”

“ನನಗೇನೂ ಹೇಳ್ಕೊಡ್ಬೇಡ.”

ಆದರೆ ಕುರ್ಚಿ ಜರುಗಿದ್ದು ಕೇಳಿಸಿತು. ಮಗಳ ಅಳು ದೂರವಾಯಿತು. ಕಿಟಕಿಯ ಚಿಲಕ ಕಿರುಗುಟ್ಟಿತು. ಬಳಿಕ ಗುಳುಗುಳು ಎಂದು ನೀರು ಇಳಿಯತೊಡಗಿತು.

“ಹೋಯ್ತಾ?”

“ಹೋಗ್ತಿದೆ.”

“ಸರಿ, ಇಡ್ತೀನಿ.”

“ಇಡಬೇಡ,” ಎಂದರು ಅತ್ತೆ, ಅದೇ ಸಿಡುಕಿನಲ್ಲಿ. “ಪೂರ್ತಿ ಹೋಗೋವರೆಗೂ ಫೋನ್ ಇಡಬೇಡ.”